ತೋಟಕ್ಕೂ ಸಂತೆಗೂ ಜೇಬಲ್ಲಿ ಹಾಕ್ಕೊಂಡು ಹೋಗೋ ಒಳ್ಳೆ ಕ್ಯಾಮೆರಾ, ನಮ್ ಮಲೆನಾಡ ಮಳೆಗೆ ಯಾವ್ದು ಸರಿ?

ತೋಟದ್ಮನೆ:

ಎಲ್ರಿಗೂ ನಮಸ್ಕಾರ. ಸಣ್ಣ ಕ್ಯಾಮೆರಾ ತಗೊಳೋ ಬಗ್ಗೆ ಹಳೇ ಚರ್ಚೆಗಳು ಬೇಕಾದಷ್ಟಿವೆ, ಓದಿದೀನಿ, ಆದ್ರೆ ಕೇಳಿದೋರೆಲ್ಲ ಬೆಂಗ್ಳೂರವ್ರು, ಅವ್ರಿಗೆ ಚರ್ಚ್ ಸ್ಟ್ರೀಟು ಕೆ.ಆರ್. ಮಾರ್ಕೆಟ್ಟು, ನಮ್ಗೆ ಜೂನ್ ಹಿಡಿದ್ರೆ ಸೆಪ್ಟೆಂಬರ್ ತನಕ ಹೊದ್ಯೋ ಕಂಬಳಿನೇ ಒಣಗಲ್ಲ. ಅದಕ್ಕೆ ಬೇರೆನೇ ಕೇಳ್ತಿದೀನಿ.

ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ, ಅಡಿಕೆ ತೋಟ, ಒಂಚೂರು ಗದ್ದೆ. ಕೆಲ್ಸದ ಮೇಲೆ ಶಿವಮೊಗ್ಗಕ್ಕೆ ಓಡಾಟ ಇದ್ದೇ ಇರುತ್ತೆ, ಬೈಕು ಇಲ್ಲಾ ಬಸ್ಸು. ನಂಗೆ ಹುಲಿ ಹಕ್ಕಿ ಫೋಟೊ ಬೇಡ, ಮದ್ವೆ ಫೋಟೊನೂ ಬೇಡ. ದಿನಾ ಕಣ್ಣಿಗೆ ಬೀಳೋದು ಬೇಕು. ಅಡಿಕೆ ಕೊನೆ (ಗೊನೆ) ಕೊಯ್ಯೋದು, ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯೋದು, ಸಂತೇಲಿ ಕತ್ತಿ ಮಾರೋರು, ಶಿವಮೊಗ್ಗ ಗಾಂಧಿ ಬಜಾರ್ ಹೂವಿನ ಸಾಲು, ಮನೆಯೋರು.

ಫೋನ್ ಇದೆಯಲ್ಲ ಅಂತೀರಿ, ಇದೆ, ಕೆಟ್ಟ ಫೋನೇನಲ್ಲ. ಆದ್ರೆ ಅಮ್ಮ ಒಲೆ ಮುಂದೆ ಕೂತಾಗ ತೆಗೆದ್ರೆ ಅಡುಗೆಮನೆ ಕತ್ತಲೆನೆಲ್ಲ ಎತ್ತಿ ಟ್ಯೂಬ್‌ಲೈಟ್ ಹಾಕಿದಂಗೆ ಮಾಡಿಡುತ್ತೆ, ಗೋಡೆ ಮಸಿನೂ ಬೂದಿ ಬಣ್ಣ, ಮುಖದ ಮೇಲಿನ ಬೆಂಕಿ ಬೆಳಕು ಎಲ್ಲಿಗೆ ಹೋಯ್ತೋ ಗೊತ್ತಾಗಲ್ಲ. ತೋಟದೊಳಗೆ ತೆಗೆದ್ರೆ ಎಲೆ ಎಲ್ಲಾ ಪ್ಲಾಸ್ಟಿಕ್ ಹಸಿರು.

ಮನ್ಸಲ್ಲಿ ಇರೋದು ಮೂರು. ರಿಕೋ ಜಿಆರ್ 3, ಫ್ಯೂಜಿ ಎಕ್ಸ್100 ಸರಣಿದು ಯಾವ್ದಾದ್ರೂ, ಇಲ್ಲಾ ಸೋನಿ ಆರ್‌ಎಕ್ಸ್100 ಹಳೇ ಮಾಡೆಲ್ ಸೆಕೆಂಡ್ ಹ್ಯಾಂಡಲ್ಲಿ. ರಾಶಿ ಅಡಿಕೆ ರೇಟು ಈ ಸಲ ಪರವಾಗಿಲ್ಲ ಆದ್ರೂ ಹೆಂಡ್ತಿ ಹತ್ರ ಲೆಕ್ಕ ಒಪ್ಪಿಸ್ಬೇಕು. ಮಳೆ, ಬೂಷ್ಟು, ಕತ್ತಲೆ ಇವು ಮೂರಕ್ಕೂ ತಡ್ಕೊಳೋದು ಯಾವ್ದು? ಅನುಭವ ಇರೋರು ಹೇಳಿ, ಯೂಟ್ಯೂಬ್ ಲಿಂಕ್ ಹಾಕ್ಬೇಡಿ ದಯವಿಟ್ಟು, ಇಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡ ಹತ್ತಿದ್ರೆ ಮಾತ್ರ.

ಗೋಪಿಸರ್ಕಲ್:

ಫೋನಲ್ಲೇ ಪ್ರೊ ಮೋಡ್ ಅಂತ ಇರುತ್ತೆ ಮಾರಾಯ್ರೆ, ಅದ್ರಲ್ಲಿ ಎಕ್ಸ್‌ಪೋಶರ್ (ಫೋಟೊಕ್ಕೆ ಬಿಡೋ ಬೆಳಕು) ಕಮ್ಮಿ ಮಾಡಿ ತೆಗೀರಿ, ಕತ್ತಲೆ ಕತ್ತಲೆ ಆಗೇ ಉಳಿಯುತ್ತೆ. ಲಕ್ಷ ರೂಪಾಯಿ ಕ್ಯಾಮೆರಾ ತಗೊಂಡು ಅಡಿಕೆ ಫೋಟೊ ತೆಗ್ಯೋದಕ್ಕಿಂತ ಆ ದುಡ್ಡಲ್ಲಿ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಕೊನೆ ಕೊಯ್ಯೋ ಉದ್ದ ಕೋಲು) ತಗೊಳ್ರಿ, ಕೊನೆ ಕೊಯ್ಯೋರು ಸಿಗದೆ ಒದ್ದಾಡೋದಾದ್ರೂ ತಪ್ಪುತ್ತೆ.

ಹೊಳೆದಂಡೆ:

ಗೋಪಿಸರ್ಕಲ್ ಅವ್ರೆ ಪ್ರೊ ಮೋಡ್ ಮಾತು ಸುಳ್ಳಲ್ಲ, ಆದ್ರೆ ಫೋನ್ ತೆಗೆದ ಕೂಡ್ಲೆ ಮೂರು ವಾಟ್ಸಾಪ್ ಬಂದಿರುತ್ತೆ ಒಂದು ಕಾಲ್ ಬರುತ್ತೆ, ಅಷ್ಟರಲ್ಲಿ ಎದುರಿಗಿದ್ದದ್ದು ಮುಗಿದೋಗಿರುತ್ತೆ. ದೋಟಿ ಸಲಹೆ ಮಾತ್ರ ಚೆನ್ನಾಗಿದೆ.

ತೋಟದ್ಮನೆ ಅವ್ರಿಗೆ: ನಾನು ಶಿವಮೊಗ್ಗ ಕೋಟೆ ರಸ್ತೆ ಹತ್ರ ಇರೋದು, ಜಿಆರ್ 3 ಇಟ್ಕೊಂಡಿದೀನಿ, ಆಫೀಸ್ ಪ್ಯಾಂಟ್ ಜೇಬಲ್ಲೇ ಇರುತ್ತೆ. 2019ರಲ್ಲಿ ಬಂದ ಮಾಡೆಲ್, 24 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ 257 ಗ್ರಾಂ. ಒಳಗಿರೋ ಸೆನ್ಸರ್ (ಬೆಳಕು ಹಿಡಿಯೋ ಭಾಗ) ಎಪಿಎಸ್-ಸಿ, ಅಂದ್ರೆ ಸಾಧಾರಣ ಡಿಎಸ್‌ಎಲ್ಆರ್‌ಗಳಲ್ಲಿ ಇರೋ ಅಳತೆದೇ. ಜೂಮ್ ಇಲ್ಲ, ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇಲ್ಲ, ಫ್ಲ್ಯಾಶ್ ಇಲ್ಲ, ಸ್ಕ್ರೀನ್ ಮಡಚಲ್ಲ, ಬ್ಯಾಟರಿ ಕಂಪನಿ ಲೆಕ್ಕದಲ್ಲೇ ಬರೀ 200 ಫೋಟೊ. ಇಷ್ಟೆಲ್ಲಾ ಇಲ್ಲಗಳ ನಡುವೆ ನಾನ್ಯಾಕೆ ಬಿಡಲ್ಲ ಅಂದ್ರೆ ಅದ್ರ ಸ್ನ್ಯಾಪ್ ಫೋಕಸ್ಸಿಗೆ. ಮೊದ್ಲೇ ದೂರ ಇಷ್ಟು ಅಂತ ಇಟ್ಬಿಡೋದು, ಬಟನ್ ಒಂದೇ ಏಟಿಗೆ ಪೂರ್ತಿ ಒತ್ತಿದ್ರೆ ಫೋಕಸ್ ಹುಡುಕ್ತಾ ಕೂರದೆ ಆ ದೂರಕ್ಕೇ ಹೊಡೆಯುತ್ತೆ. ಎಫ್8 ಅಲ್ಲಿ (ಎಫ್ ನಂಬರ್ ಅಂದ್ರೆ ಲೆನ್ಸ್ ಎಷ್ಟು ತೆರೆಯುತ್ತೆ ಅನ್ನೋದು, ನಂಬರ್ ಸಣ್ಣದಾದಷ್ಟೂ ಬೆಳಕು ಜಾಸ್ತಿ) 2 ಮೀಟರ್‌ಗೆ ಇಟ್ರೆ ಹೆಚ್ಚುಕಮ್ಮಿ 1 ಮೀಟರಿಂದ 20 ಮೀಟರ್ ತನಕ ಶಾರ್ಪ್ ಆಗೇ ಬರುತ್ತೆ, ಲೆನ್ಸ್ 28 ಎಂಎಂ ವೈಡ್ (ಅಗಲ ನೋಟದ್ದು) ಆಗಿರೋದ್ರಿಂದ. ಗಾಂಧಿ ಬಜಾರಲ್ಲಿ ಹೂ ಕಟ್ಟೋರ ಮುಂದೆ ನಡ್ಕೊಂಡು ಹೋಗ್ತಾ ಎದೆ ಎತ್ತರದಿಂದ ಒತ್ತಿ ಮುಂದೆ ಹೋಗ್ಬಹುದು.

ಆದ್ರೆ ಇಲ್ಲೇ ಒಂದು ಮಾತು, ಈ ಎಫ್8 ಆಟ ಎಲ್ಲಾ ಬಯಲ ಬೆಳಕಿಗೆ. ಜುಲೈಲಿ ನಿಮ್ ತೋಟದೊಳಗೆ ಮಧ್ಯಾಹ್ನ ಹನ್ನೆರಡಕ್ಕೂ ಎಫ್2.8 ಬಿಟ್ಟು ಮೇಲೆ ಹೋಗೋಕಾಗಲ್ಲ. ಸೋಗೆ ಸಂದಿಂದ ಬೀಳೋ ಬೆಳಕಿನ ಚುಕ್ಕೆಗಳು ಬೇರೆ, ಅವು ಸುಟ್ಟು ಬಿಳಿ ಆಗುತ್ತೆ ಮಿಕ್ಕಿದ್ದು ಕಪ್ಪು. ಮೀಟರಿಂಗಲ್ಲಿ (ಕ್ಯಾಮೆರಾ ಬೆಳಕು ಅಳೆಯೋ ರೀತಿ) ಹೈಲೈಟ್ ವೆಯ್ಟೆಡ್ ಅಂತ ಒಂದಿದೆ ಅದಕ್ಕೆ ಹಾಕಿ, ಇಲ್ಲಾಂದ್ರೆ ಎಕ್ಸ್‌ಪೋಶರ್ ಒಂದು ಸ್ಟಾಪ್ ಮೈನಸ್ (ಅಂದ್ರೆ ಅರ್ಧ ಬೆಳಕು), ರಾ ಫೈಲ್ (ಕ್ಯಾಮೆರಾ ತಿದ್ದದೆ ಇಡೋ ಫೈಲ್) ತೆಗೀರಿ, ನೆರಳನ್ನ ಆಮೇಲೆ ಎತ್ಬಹುದು, ಸುಟ್ಟಿದ್ದನ್ನ ಇಳಿಸೋಕಾಗಲ್ಲ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊ ಬೇಡ, ಎಲೆಯಿಂದ ಸೋಸಿ ಬರೋ ಬೆಳಕಿಗೆ ಮುಖ ಎಲ್ಲಾ ಹಸಿರಾಗಿ ಒಂದೊಂದು ಫೋಟೊಕ್ಕೆ ಒಂದೊಂದು ಬಣ್ಣ ಬರುತ್ತೆ, ಮೋಡದ ಚಿತ್ರ ಇರೋದಕ್ಕೆ ಹಾಕಿ ಬಿಟ್ಬಿಡಿ.

ಮಳೆ ವಿಷ್ಯ ನೇರವಾಗಿ ಹೇಳ್ಬೇಕು ಅಂದ್ರೆ ಜಿಆರ್ ಮಳೆಗಲ್ಲ. ನೀರು ತಡ್ಯೋ ಸೀಲಿಂಗ್ ಇಲ್ಲ. ಲೆನ್ಸ್ ಒಳಗೆ ಹೊರಗೆ ಓಡಾಡೋ ಯಾವ ಕ್ಯಾಮೆರಾ ಆದ್ರೂ ಹೊರಗೆ ಬರೋವಾಗ ಹೊರಗಿನ ಗಾಳಿನ ಎಳ್ಕೊಳುತ್ತೆ, ಜೊತೆಗೆ ತೇವ, ಜೊತೆಗೆ ಧೂಳು. ನಾನು ಕೊಡೆ ಕೆಳಗೆ, ಬಸ್ ಸ್ಟ್ಯಾಂಡ್ ಶೆಡ್ ಕೆಳಗೆ ನಿಂತು ತೆಗೀತೀನಿ ಅಷ್ಟೆ. 2025ರಲ್ಲಿ ಜಿಆರ್ 4 ಬಂದಿದೆ, 26 ಮೆಗಾಪಿಕ್ಸೆಲ್, ಕ್ಯಾಮೆರಾ ಒಳಗೇ 53 ಜಿಬಿ ಜಾಗ ಇದೆ (ಮೂರರಲ್ಲಿ ಬರೀ 2 ಇತ್ತು), ಆದ್ರೆ ದುಡ್ಡು ನೋಡಿದ್ರೆ ನಿಮ್ ಮನೆಯೋರ ಲೆಕ್ಕಕ್ಕೆ ಸಿಗೋದಲ್ಲ.

ಸಾಗರದವ್ಳು:

ಕ್ಯಾಮೆರಾ ಯಾವ್ದು ಅನ್ನೋದಕ್ಕಿಂತ ಮೊದ್ಲು ಎಲ್ಲಿಡ್ತೀರಿ ಅದು ಹೇಳಿ. ಸಾಗರ ಹೊಸನಗರ ತೀರ್ಥಹಳ್ಳಿ ಕಡೆ ಲೆನ್ಸ್ ಹಾಳಾಗೋದು ಬಿದ್ದು ಅಲ್ಲ, ಮಳೆಲಿ ನೆಂದೂ ಅಲ್ಲ, ಬೀರುವಲ್ಲಿ ಸುಮ್ನೆ ಕೂತು. ಗಾಳೀಲಿ ತೇವ 60 ಪರ್ಸೆಂಟ್ ದಾಟಿ ಹಂಗೇ ಇದ್ರೆ ಗಾಜಿನ ಮೇಲೆ ಬೂಷ್ಟು ಹಿಡಿಯೋಕೆ ಶುರು, ನಮ್ ಮನೆಗಳಲ್ಲಿ ಮಳೆಗಾಲ ಪೂರ್ತಿ ಅದಕ್ಕಿಂತ ಎಷ್ಟೋ ಮೇಲೆ ಇರುತ್ತೆ. ಅದ್ರಲ್ಲೂ ಚರ್ಮದ ಕೇಸಲ್ಲಿ ಹಾಕಿ ಇಡ್ತಾರಲ್ಲ, ಚಂದ ಕಾಣುತ್ತೆ ಅಂತ, ಚರ್ಮ ತೇವ ಹಿಡ್ಕೊಂಡು ಕೂರುತ್ತೆ. ಬೇಡವೇ ಬೇಡ.

ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಳಿ ಅಂತ ಪೇಟೆಯವ್ರು ಹೇಳ್ತಾರೆ. ನಮ್ಗೆ ಒಂದು ಮರ ಲೈನ್ ಮೇಲೆ ಬಿದ್ರೆ ಲೈನ್‌ಮನ್ ಬರೋ ತನಕ ದಿನಗಟ್ಲೆ ಕರೆಂಟಿಲ್ಲ, ಆ ಪೆಟ್ಟಿಗೆ ಇಟ್ಕೊಂಡು ಎಂತ ಮಾಡೋದು. ಅದಕ್ಕೆ ಗಾಳಿ ಆಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬಳೆ ಇರುತ್ತಲ್ಲ ಮುಚ್ಚಳಕ್ಕೆ ಆ ತರದ್ದು, ಅದ್ರೊಳಗೆ ಸಿಲಿಕಾ ಜೆಲ್ ಮತ್ತೆ ತೇವ ತೋರ್ಸೋ ಸಣ್ಣ ಮೀಟರ್. ಮುಳ್ಳು 40ರಿಂದ 50ರ ಒಳಗೆ ಇದ್ರೆ ಸಾಕು, ತೀರಾ ಒಣಗ್ಸೋದೂ ಒಳ್ಳೇದಲ್ಲ. ಬಣ್ಣ ಬದಲಾಗೋ ಜೆಲ್ಲೇ ತಗೊಳಿ, ನೀಲಿ ಇದ್ದದ್ದು ತೇವ ಕುಡಿದು ಗುಲಾಬಿ ಆದಾಗ ದಪ್ಪ ತಳದ ಬಾಣಲೆಲಿ ಸಣ್ಣ ಉರಿಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗುತ್ತೆ. ಬಾಣಲೆ ಮಾತ್ರ ಅಡುಗೆದು ಬೇಡ, ಬೇರೆ ಇಡಿ.

ಅಕ್ಕಿ ಡಬ್ಬಿಲಿ ಇಡೋದು, ನುಸಿಗುಳಿಗೆ ಜೊತೆ ಇಡೋದು ಎಲ್ಲಾ ಮಾಡ್ಬೇಡಿ, ಅಕ್ಕಿ ಹಿಟ್ಟು ಸಂದಿಗೆಲ್ಲ ಹೋಗುತ್ತೆ. ಮನೇಲಿ ಹಿರಿಯೋರು ಇದ್ರೆ ಒಲೆ ಮೇಲಿನ ಅಟ್ಟದಲ್ಲಿ ಇಡು ಮಾರಾಯ ಬೆಚ್ಚಗಿರುತ್ತೆ ಅಂತಾರೆ, ಬೆಚ್ಚಗೇನೋ ಇರುತ್ತೆ, ಹೊಗೆ ಜಿಡ್ಡು ಲೆನ್ಸಿಗೆ ಕೂತ್ರೆ ಒರೆಸೋರು ಯಾರು.

ಇನ್ನೊಂದು, ಎಸಿ ಬಸ್ಸಿಂದ ಇಳಿದ ಕೂಡ್ಲೆ ಕ್ಯಾಮೆರಾ ತೆಗೀಬೇಡಿ. ತಣ್ಣಗಿರೋ ಗಾಜಿಗೆ ನಮ್ಮ ಗಾಳಿ ಬಡಿದ್ರೆ ಮಂಜು ಕೂರುತ್ತೆ, ಒಳಗಿನ ಗಾಜಿಗೂ ಕೂರ್ಬಹುದು. ಬ್ಯಾಗ್ ಜಿಪ್ ಮುಚ್ಕೊಂಡೇ ಒಂದು ಕಾಫಿ ಕುಡೀರಿ ಅಷ್ಟೊತ್ತಿಗೆ ಹೊಂದ್ಕೊಂಡಿರುತ್ತೆ. ಎಲ್ಲದಕ್ಕಿಂತ ದೊಡ್ಡ ಔಷಧಿ ಅಂದ್ರೆ ದಿನಾ ಹೊರಗೆ ತೆಗೆದು ಉಪಯೋಗ್ಸೋದೇ, ಓಡಾಡೋ ಕ್ಯಾಮೆರಾಗೆ ಬೂಷ್ಟು ಬರೋದು ಕಮ್ಮಿ. ಅದಕ್ಕೆ ಜೇಬಿಗೆ ಹಿಡಿಸೋದು ತಗೊಳಿ ಅಂತ ನನ್ ವೋಟು.

ಕೊಪ್ಪದ್ಕಾಫಿ:

ನೀವೆಲ್ಲ ಮಳೆ ಮಳೆ ಅಂತ ಹೇಳಿ ಮಳೆಗೇ ಮಾಡಿರೋ ಕ್ಯಾಮೆರಾ ಹೆಸ್ರೇ ಎತ್ತಲಿಲ್ವಲ್ಲ. ಒಲಿಂಪಸ್ ಟಿಜಿ-6, ಅದ್ರ ನಂತ್ರದ್ದು ಟಿಜಿ-7. ನೀರೊಳಗೆ 15 ಮೀಟರ್ ತನಕ ಹೋಗುತ್ತೆ, ಲೆನ್ಸ್ ಹೊರಗೆ ಬರಲ್ಲ, ಕೆಸರಾದ್ರೆ ನಲ್ಲಿ ಕೆಳಗೆ ಹಿಡಿದು ತೊಳೀಬಹುದು. ಒಂದು ಸೆಂಟಿಮೀಟರ್ ಹತ್ರ ಹೋಗಿ ಫೋಕಸ್ ಮಾಡುತ್ತೆ, ಕಪ್ಪೆ, ಅಣಬೆ, ಪಾಚಿ, ಕಾಫಿ ಹೂವಿನ ಒಳಗೆ ಕೂತ ಜೇನು ಇವಕ್ಕೆಲ್ಲ ಇದ್ರ ಸಮ ಇಲ್ಲ. ಉಂಬಳ ಕಾಲಿಗೆ ಹತ್ತೋದನ್ನೂ ತೆಗೆದಿದೀನಿ, ಮನೆಯೋರು ಯಾರೂ ನೋಡಕ್ಕೆ ಒಪ್ಪಲಿಲ್ಲ.

ಹಳೇಸ್ಟುಡಿಯೊ:

ಟಿಜಿ ಮಳೆಗೆ ಸರಿ, ಒಪ್ತೀನಿ, ಆದ್ರೆ ಅದ್ರ ಸೆನ್ಸರ್ ಫೋನಿನಷ್ಟೇ ಚಿಕ್ಕದು, ತಮ್ಮ ಕೇಳಿರೋದು ಒಲೆ ಮುಂದಿನ ಬೆಳಕು. ಅಲ್ಲಿ ಸೋಲುತ್ತೆ.

ತೋಟದ್ಮನೆ ತಮ್ಮ, ಸೆನ್ಸರ್ ದೊಡ್ಡದು ಚಿಕ್ಕದು ಅಂತ ಎಲ್ರೂ ಹೇಳ್ತಾರೆ, ಲೆನ್ಸ್ ಎಷ್ಟು ತೆರೆಯುತ್ತೆ ಅನ್ನೋದನ್ನ ಜೊತೆಗೆ ಇಟ್ಟು ನೋಡಲ್ಲ. ನಾವು ರೀಲ್ ಕಾಲದಲ್ಲಿ ಸ್ಟುಡಿಯೊ ನಡೆಸ್ದೋರು, ಬೆಳಕಿನ ಲೆಕ್ಕ ಬಾಯಿಪಾಠ. ಆರ್‌ಎಕ್ಸ್100ರಲ್ಲಿ ಇರೋದು ಒಂದಿಂಚಿನ ಸೆನ್ಸರ್ ಅಂತಾರೆ, ನಿಜ ಅಳತೆ 13.2 ಗುಣಿಸು 8.8 ಎಂಎಂ. ಜಿಆರ್‌ದು ಸುಮಾರು 23.5 ಗುಣಿಸು 15.6. ಅಂದ್ರೆ ಜಿಆರ್‌ದು ಮೂರು ಪಟ್ಟಿಗಿಂತ ಚೂರು ಜಾಸ್ತಿ ದೊಡ್ಡದು. ಆದ್ರೆ ಜಿಆರ್ ಲೆನ್ಸ್ ಎಫ್2.8, ಸೋನಿದು ಮೂರು ನಾಲ್ಕು ಐದನೇ ಮಾಡೆಲ್‌ಗಳಲ್ಲಿ ವೈಡ್ ತುದೀಲಿ ಎಫ್1.8. ಇದ್ರಲ್ಲಿ ಸೋನಿಗೆ ಎರಡೂವರೆ ಪಟ್ಟಿನ ಹತ್ರ ಬೆಳಕು ಜಾಸ್ತಿ. ಕೂಡಿ ಕಳೆದ್ರೆ ಕತ್ತಲೆ ಅಡುಗೆಮನೇಲಿ ಎರಡಕ್ಕೂ ಅಂತರ ತೀರಾ ಕಮ್ಮಿ, ಲಕ್ಷ ಕೊಡೋವಷ್ಟಂತೂ ಅಲ್ಲ. ಫ್ಯೂಜಿ ಎಕ್ಸ್100ದು ದೊಡ್ಡ ಸೆನ್ಸರ್ರೂ ಹೌದು ಎಫ್2ವೂ ಹೌದು, ಇಬ್ರಿಗಿಂತ ಮುಂದೆ, ಅದ್ರಲ್ಲಿ ಎರಡು ಮಾತಿಲ್ಲ.

ಸೋನಿ ತಗೊಂಡ್ರೆ ಮಾಡೆಲ್ ನಂಬರ್ ನೋಡ್ಕೊಳಿ. 2014ರ ಮೂರನೇದ್ರಿಂದ ಐದರ ತನಕ 24-70 ಎಂಎಂ ಜೂಮು (ನಂಬರ್ ಜಾಸ್ತಿ ಆದಷ್ಟೂ ದೂರದ್ದು ಹತ್ರ ಕಾಣುತ್ತೆ), ಎಫ್1.8ರಿಂದ 2.8. ಆರು ಮತ್ತೆ ಏಳನೇದು 24-200 ಆಗುತ್ತೆ, ಸಕ್ರೆಬೈಲಲ್ಲಿ ಆನೆ ಸ್ನಾನ ದಡದಿಂದಲೇ ತೆಗೀಬಹುದು, ಆದ್ರೆ ಎಫ್2.8ರಿಂದ ಶುರು, ಒಲೆ ಮುಂದೆ ಆ ಲಾಭ ಹೋಯ್ತು. ಮಂಡಗದ್ದೆ ಹಕ್ಕಿಗೆ ಇದ್ಯಾವ್ದೂ ಸಾಲಲ್ಲ, ಅದು ನಿಮ್ಗೆ ಬೇಕಾಗೂ ಇಲ್ಲ.

ಕೈ ಅಲುಗಿದ್ರೂ ತಡ್ಯೋ ಸ್ಟೆಬಿಲೈಸೇಶನ್ ಇದೆ ಅಂತ ಹಿಗ್ಗಬೇಡಿ. ಶಟರ್ 1/8 ಸೆಕೆಂಡ್ ತೆರೆದಿದ್ರೆ ಗೋಡೆ ಶಾರ್ಪ್ ಬರುತ್ತೆ, ಅಡಿಕೆ ಸುಲಿಯೋರ ಕೈ ಬರಲ್ಲ. ಮೆಟ್ಟುಗತ್ತಿ ಮೇಲೆ ಕೈ ಓಡೋ ಓಟಕ್ಕೆ 1/125 ಆದ್ರೂ ಬೇಕು, ಕೈ ಮಸುಕಾಗ್ಲಿ ಮುಖ ನಿಲ್ಲಲಿ ಅಂತ ಬೇಕಂತಲೇ 1/30 ಇಟ್ರೆ ಅದೂ ಒಂದು ಚಂದ. ಎಲ್ಇಡಿ ಬಲ್ಬ್ ಕೆಳಗೆ ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ. ನಮ್ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, ಫೋಟೊದಲ್ಲಿ ಅಡ್ಡ ಪಟ್ಟೆ ಬೀಳುತ್ತೆ. 1/50 ಇಲ್ಲಾ 1/100 ಇಟ್ರೆ ಸರಿ ಹೋಗುತ್ತೆ.

ತೋಟದ್ಮನೆ:

ಅಬ್ಬಾ ಇಷ್ಟು ಮಾಹಿತಿ ನಿರೀಕ್ಷೆ ಮಾಡಿರ್ಲಿಲ್ಲ, ಗುಡ್ಡ ಹತ್ತಿದ್ದಕ್ಕೂ ಸಾರ್ಥಕ. ಸಾಗರದಕ್ಕ ಡಬ್ಬಿ ಇವತ್ತೇ ತರ್ತೀನಿ. ಹಳೇಸ್ಟುಡಿಯೊ ಸಾರ್, ಹಂಗಾದ್ರೆ ಎಕ್ಸ್100 ತಗೊಂಡ್ರೆ ಮಳೆಗೂ ಆಗುತ್ತಾ? ವೆದರ್ ಸೀಲ್ ಅಂತ ಬರ್ದಿರ್ತಾರಲ್ಲ. ಇನ್ನೊಂದು, ದೀಪಾವಳಿಗೆ ನಮ್ಮೂರಿಗೆ ಅಂಟಿಗೆ ಪಂಟಿಗೆಯೋರು (ದೀಪ ಹಿಡಿದು ಹಾಡ್ತಾ ಮನೆ ಮನೆಗೆ ಹೋಗೋರು) ಬರ್ತಾರೆ, ರಾತ್ರಿ, ಕೈಲಿ ಒಂದೇ ಒಂದು ದೀಪ. ಅದು ಬರೋಕೆ ಸಾಧ್ಯ ಇದ್ಯಾ ಈ ಸಣ್ಣ ಕ್ಯಾಮೆರಾಗಳಲ್ಲಿ?

ಹೊಳೆದಂಡೆ:

ಎಕ್ಸ್100 ಬಗ್ಗೆ ನಾನು ಹೇಳ್ತೀನಿ, ನಮ್ ಅಣ್ಣನ ಹತ್ರ 2024ರ ಎಕ್ಸ್100 ಆರನೇ ಮಾಡೆಲ್ (ಎಕ್ಸ್100 VI) ಇದೆ. ಸೀಲಿಂಗ್ ಇದೆ ಅಂತಾರೆ, ಆದ್ರೆ ಲೆನ್ಸ್ ಮುಂದೆ ಅಡಾಪ್ಟರ್ ರಿಂಗ್ ಮತ್ತೆ 49 ಎಂಎಂ ಫಿಲ್ಟರ್ ಹಾಕಿದ್ರೆ ಮಾತ್ರ ಪೂರ್ತಿ, ಅದಿಲ್ದೆ ಲೆನ್ಸ್ ಮುಂಭಾಗ ತೆರೆದಂಗೇ. ಹಾಕಿದ್ಮೇಲೆ ತುಂತುರು ಮಳೆಗೆ ಪರವಾಗಿಲ್ಲ, ಆಗುಂಬೆ ಮಳೆಗೆ ಅಂತ ಯಾವ ಕಂಪನಿನೂ ಬರ್ಕೊಡಲ್ಲ. ತೂಕ 521 ಗ್ರಾಂ, ಜಿಆರ್‌ಗೆ ಎರಡರಷ್ಟು, ಜೇಬಿಗೆ ಹಿಡಿಸಲ್ಲ, ಕುತ್ತಿಗೆಗೆ ನೇತಾಕ್ಕೊಂಡೇ ಓಡಾಡ್ಬೇಕು. ಸಂತೇಲಿ ಕುತ್ತಿಗೇಲಿ ಕ್ಯಾಮೆರಾ ನೋಡಿದ ಕೂಡ್ಲೆ "ಯಾವ ಪೇಪರ್ ಸಾರ್" ಅಂತ ಕೇಳ್ತಾರೆ, ಅಲ್ಲಿಗೆ ಮುಗೀತು. ಆದ್ರೆ ಅದ್ರ ವ್ಯೂಫೈಂಡರ್ ಅಂದ್ರೆ ವ್ಯೂಫೈಂಡರ್, ಸುಳ್ಳು ಹೇಳಲ್ಲ, ಅಣ್ಣ ಊರಿಗೆ ಬಂದಾಗೆಲ್ಲ ಕಿತ್ಕೊಂಡು ತಿರುಗ್ತೀನಿ.

ಸಾಗರದವ್ಳು:

ಅಂಟಿಗೆ ಪಂಟಿಗೆ ತೆಗೆದಿದೀನಿ, ಬರುತ್ತೆ, ಎಫ್1.8 ಅಥ್ವಾ ಎಫ್2, 1/30, ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ನಂಬರ್) 3200ರಿಂದ 6400. ಫೋಕಸ್ಸನ್ನ ದೀಪದ ಮೇಲೆ ಇಡ್ಬೇಡಿ, ದೀಪ ಹಿಡಿದೋರ ಮುಖದ ಅಂಚಿಗೆ ಇಡಿ. ಎಕ್ಸ್‌ಪೋಶರ್ ಮೈನಸ್ಸಿಗೆ ಇಳಿಸಿ, ಇಲ್ಲಾಂದ್ರೆ ಕ್ಯಾಮೆರಾ ಸುತ್ತಲಿನ ಕತ್ತಲೆ ನೋಡಿ ಹೆದರಿ ದೀಪನ ಬಿಳೀ ಉಂಡೆ ಮಾಡುತ್ತೆ. ಒಳ್ಳೆ ಗಳಿಗೆ ಯಾವ್ದು ಅಂದ್ರೆ ಅವ್ರು ಬಾಗ್ಲಲ್ಲಿ ಹಾಡೋವಾಗ ಅಲ್ಲ, ಮನೆಯೋರು ಹೊರಗೆ ಬಂದು ದೀಪಕ್ಕೆ ಎಣ್ಣೆ ಹಾಕೋವಾಗ, ಎಲ್ರೂ ಬಗ್ತಾರೆ, ಎಲ್ಲಾ ಮುಖನೂ ಬೆಳಕಿನ ಹತ್ರ ಬರುತ್ತೆ. ಫ್ಲ್ಯಾಶ್ ಹೊಡೀಬೇಡಿ, ಫೋಕಸ್ಸಿಗೆ ಕೆಂಪು ಕಿತ್ತಳೆ ಲೈಟ್ ಬರುತ್ತಲ್ಲ ಅದನ್ನೂ ಮೆನುಲಿ ಆಫ್ ಮಾಡಿ. ಆ ಜ್ಯೋತಿ ಆರದಂಗೆ ಮನೆಯಿಂದ ಮನೆಗೆ ಊರಿಂದ ಊರಿಗೆ ಹೊತ್ಕೊಂಡು ನಡೀತಾರೆ, ಅಡ್ಡ ನಿಂತು ದಾರಿ ತಡೀಬಾರ್ದು, ಮೊದ್ಲೇ ಒಂದು ಮಾತು ಕೇಳಿದ್ರೆ ಯಾರೂ ಬೇಡ ಅನ್ನಲ್ಲ.

ಕೊನೆ ಕೊಯ್ಯೋರ ಬಗ್ಗೆನೂ ಹಂಗೇ. ಮರದ ಮೇಲಿರೋವಾಗ "ಇಲ್ಲಿ ನೋಡು ಮಾರಾಯ" ಅಂತ ಕೂಗ್ಬೇಡಿ, ಅವ್ರ ಕಣ್ಣು ಕೈ ಮೇಲಿರ್ಲಿ. ಒಂದು ಮರದಿಂದ ಇನ್ನೊಂದಕ್ಕೆ ಬಗ್ಗಿ ಹಿಡಿಯೋ ಗಳಿಗೆ ಸಿಕ್ಕಿದ್ರೆ ಸಾಕು, ಅದಕ್ಕೆ 1/500 ಇಟ್ಕೊಂಡು ಕಾಯ್ಬೇಕು, ಹಿಂದೆ ಬಿಳೀ ಆಕಾಶ ಇರೋದ್ರಿಂದ ಆಗ ಮಾತ್ರ ಪ್ಲಸ್ ಎಕ್ಸ್‌ಪೋಶರ್.

ಗೋಪಿಸರ್ಕಲ್:

ತೆಗೆದ ಮೇಲೆ ಫೋಟೊ ಕೊಡ್ರಿ ಅವ್ರಿಗೆ, ಪ್ರಿಂಟ್ ಹಾಕ್ಸಿ. ನಮ್ ತೋಟಕ್ಕೆ ಬರೋರು ಫೋಟೊ ತೆಗೆದೋರೆಲ್ಲ ಫೇಸ್‌ಬುಕ್ಕಿಗೆ ಹಾಕ್ಕೊಂಡ್ರು ನಮ್ಗೆ ಒಂದೂ ಕೊಡ್ಲಿಲ್ಲ ಅಂತಾರೆ. 6x8 ಪ್ರಿಂಟಿಗೆ ಎಂತ ದೊಡ್ಡ ಖರ್ಚು. (ಫೋನಲ್ಲಿ ತೆಗೆದ್ರೂ 6x8 ಚೆನ್ನಾಗೇ ಬರುತ್ತೆ, ಸುಮ್ನೆ ಹೇಳಿದೆ.)

ಕೊಪ್ಪದ್ಕಾಫಿ:

ಮಳೆ ಎಳೆ ಎಳೆಯಾಗಿ ಕಾಣ್ಬೇಕು ಅಂದ್ರೆ 1/30ರ ಹತ್ರ, ಹನಿ ಹನಿಯಾಗಿ ಬೇಕು ಅಂದ್ರೆ 1/500ರ ಮೇಲೆ, ಹಿಂದೆ ಕಪ್ಪಗಿರೋ ತೋಟನೋ ಕೊಟ್ಟಿಗೆನೋ ಇರ್ಬೇಕು. ಬಿಳಿ ಆಕಾಶದ ಮುಂದೆ ಎಷ್ಟು ಜೋರು ಸುರಿದ್ರೂ ಏನೂ ಕಾಣಲ್ಲ. ಜಗುಲಿಲಿ ಕೂತೇ ತೆಗೀಬಹುದು ಇದನ್ನ, ಕ್ಯಾಮೆರಾ ನೆನೆಯೋದೂ ಇಲ್ಲ. ಇಷ್ಟಾದ್ರೂ ನನ್ ಟಿಜಿ ಮಾತು ಯಾರೂ ಕೇಳಲಿಲ್ಲ ಇರ್ಲಿ.

ತೋಟದ್ಮನೆ:

ಲೆಕ್ಕ ಹಾಕಿ ನೋಡಿದೆ, ಸೋನಿ ಮೂರನೇ ಮಾಡೆಲ್ ಸೆಕೆಂಡ್ ಹ್ಯಾಂಡ್ ತಗೊಳೋದು ಅಂತ ಮಾಡಿದೀನಿ, ಉಳಿದ ದುಡ್ಡಿಗೆ ದೋಟಿ (ಗೋಪಿಸರ್ಕಲ್ ಗೆದ್ರು). ಭದ್ರಾವತೀಲಿ ಒಬ್ರ ಹತ್ರ ಇದೆಯಂತೆ, ಭಾನುವಾರ ನೋಡಕ್ಕೆ ಹೋಗ್ತೀನಿ. ಸಾರ್, ಎಂತೆಂತ ನೋಡ್ಬೇಕು?

ಹಳೇಸ್ಟುಡಿಯೊ:

ಒಳ್ಳೇದಾಯ್ತು ತಮ್ಮ. ಹೋಗೋವಾಗ ನಿಮ್ದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ, ತೆಗೆದ ಫೋಟೊ ಮನೆಗೆ ತಂದು ದೊಡ್ಡ ಸ್ಕ್ರೀನಲ್ಲಿ ನೋಡ್ಬಹುದು, ಅದೇ ದಿನ ದುಡ್ಡು ಕೊಟ್ಟು ಬರೋ ಅವಸರ ಬೇಡ.

ಕ್ಯಾಮೆರಾ ಆನ್ ಮಾಡಿ ಲೆನ್ಸ್ ಹೊರಗೆ ಬಂದ ಮೇಲೆ ಫೋನಿನ ಟಾರ್ಚನ್ನ ಓರೆಯಾಗಿ ಲೆನ್ಸಿಗೆ ಬಿಡಿ. ಜೇಡರ ಬಲೆ ಎಳೆ ತರ ಕವಲು ಕವಲಾಗಿ ಕಂಡ್ರೆ ಬೂಷ್ಟು, ಎಷ್ಟು ಕಮ್ಮಿಗೆ ಕೊಟ್ರೂ ಬೇಡ, ಒಳಗಿನ ಗಾಜು ಬಿಚ್ಚಿ ಒರೆಸೋದು ನಮ್ ಕಡೆ ಆಗೋ ಕೆಲ್ಸ ಅಲ್ಲ. ಒಂದೆರಡು ಧೂಳಿನ ಕಣ ಇದ್ರೆ ತಲೆ ಕೆಡಿಸ್ಕೋಬೇಡಿ. ಜೂಮ್ ಹಿಂದೆ ಮುಂದೆ ಓಡ್ಸಿ ಕಿವಿ ಕೊಟ್ಟು ಕೇಳಿ, ಕರಕರ ಅಂದ್ರೆ ಒಳಗೆ ಮಣ್ಣು ಹೋಗಿದೆ. ಎಫ್11ಕ್ಕೆ ಇಟ್ಟು ಸುಣ್ಣದ ಗೋಡೆದೊಂದು ಫೋಟೊ ತೆಗೀರಿ, ಕಪ್ಪು ಚುಕ್ಕೆ ಒಂದೇ ಜಾಗದಲ್ಲಿ ಎಲ್ಲಾ ಫೋಟೊದಲ್ಲೂ ಬಂದ್ರೆ ಸೆನ್ಸರ್ ಮೇಲೆ ಧೂಳು. ಮೇಲಿಂದ ಎದ್ದು ಬರೋ ವ್ಯೂಫೈಂಡರ್ ಈ ಮಾಡೆಲಿಂದಲೇ ಶುರು ಆಗಿದ್ದು, ಅದನ್ನ ಎತ್ತಿ ಹಿಂದಕ್ಕೆ ಎಳೆದು ಕಣ್ಣಿಟ್ಟು ನೋಡಿ, ಸ್ಪ್ರಿಂಗ್ ಸಡಿಲ ಇರ್ಬಾರ್ದು. ಬ್ಯಾಟರಿ ಎನ್‌ಪಿ-ಬಿಎಕ್ಸ್1 ಅಂತ ಬರ್ದಿರುತ್ತೆ, ಉಬ್ಬಿದ್ರೆ ಹೊಸದ್ರ ದುಡ್ಡು ಕಳೆದು ರೇಟ್ ಮಾತಾಡಿ. ಚಾರ್ಜಿಂಗ್ ಹಳೇ ಮೈಕ್ರೊ ಯುಎಸ್‌ಬಿ, ಈಗಿನ ಫೋನ್ ಕೇಬಲ್ ಹಿಡಿಯಲ್ಲ, ಆ ಕೇಬಲ್ಲೂ ಕೇಳಿ ಇಸ್ಕೊಳಿ.